ಏಪ್ರಿಲ್ 14ರ ಇನ್ನೊಂದು ನೆನಪು



ಏಪ್ರಿಲ್ 14 ಅಂದ್ರೆ ನಮಗೆ ಬಾಬಾಸಾಹೇಬರ ಜಯಂತಿ. ನೀಲಿ ಬಾವುಟ, ಮೆರವಣಿಗೆ, ಹಾರ. ಅದೇ ದಿನ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಸಿಬ್ಬಂದಿ ಸಾಲಾಗಿ ನಿಂತು ತಮ್ಮ ಹುತಾತ್ಮರಿಗೆ ಗೌರವ ಸಲ್ಲಿಸ್ತಾರೆ. ಯಾಕೆ ಅನ್ನೋದು ನಮಗೂ ಗೊತ್ತಿರಬೇಕು.

1944ರ ಏಪ್ರಿಲ್ 14. ಎರಡನೇ ಮಹಾಯುದ್ಧದ ಕಾಲ. ಅಂದು ಬಾಬಾಸಾಹೇಬರಿಗೆ 53 ತುಂಬಿತ್ತು. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಬ್ರಿಟಿಷ್ ಸರಕು ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ತುಂಬಿದ ಹತ್ತಿಯ ಸಾವಿರಾರು ಮೂಟೆ, 124 ಚಿನ್ನದ ಗಟ್ಟಿ. ಹತ್ತಿಯ ಮೇಲೇ ಸ್ಫೋಟಕ ಪೇರಿಸಿದ್ದರು!

ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ಅಗ್ನಿಶಾಮಕ ದಳದವರು ಬಂದು ಎರಡು ತಾಸಿನಷ್ಟು ಹೊತ್ತು ನೀರು ಹಾಯಿಸಿದರು. ಕಾಲಡಿಯ ಉಕ್ಕು ಕಾಯ್ತಿತ್ತು, ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ 4 ಗಂಟೆ ದಾಟಿದ ಮೇಲೆ ಹಡಗು ಸಿಡಿಯಿತು. ಅರ್ಧ ತಾಸಿನಲ್ಲಿ ಇನ್ನೊಂದು ಸ್ಫೋಟ. ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ಆ ನಡುಕ ದಾಖಲಾಯಿತು. ಕರ್ತವ್ಯದ ಮೇಲಿದ್ದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೇ ಈ ದಿನ. ಬೈಕುಲಾದ ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಸ್ಮಾರಕವೂ ಇದೆ.

ಈಗ ಒಂದು ಪ್ರಶ್ನೆ. ಅಂದು ಡಾಕ್‌ನಲ್ಲಿ ಸತ್ತ ಕೂಲಿಗಳೆಷ್ಟು? ಖಚಿತ ಲೆಕ್ಕವಿಲ್ಲ. ಒಟ್ಟು ಸಾವು 800 ಅಂತಾರೆ, 1,300 ಅಂತಾರೆ. ದಳದವರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಹಾಗಾಗಿ ಲೆಕ್ಕ ಸಿಕ್ಕಿತು. ಮೂಟೆ ಹೊರೋರು ಮೇಸ್ತ್ರಿ ಕರೆದ ದಿನ ಮಾತ್ರ ಕೆಲಸಗಾರರು. ಚಿನ್ನದ ಗಟ್ಟಿಗೆ ಲೆಕ್ಕ ಇತ್ತು, ದಶಕಗಳ ನಂತರವೂ ಹೂಳಿನಲ್ಲಿ ಸಿಕ್ಕವು. ಡಾಕ್ ಕಾರ್ಮಿಕರನ್ನು ನೋಂದಾಯಿಸುವ ಕಾಯ್ದೆ ಬಂದಿದ್ದು 1948ರಲ್ಲಿ.

ಇದು ಹಳೇ ಕಥೆ ಅಂತೀರಾ? ಇವತ್ತು ಮ್ಯಾನ್‌ಹೋಲ್‌ನಲ್ಲಿ ನಮ್ಮವರು ಉಸಿರುಗಟ್ಟಿ ಬಿದ್ದಾಗ ಮೇಲೆತ್ತೋಕೆ ಬರೋರು ಇದೇ ಅಗ್ನಿಶಾಮಕದವರು. ಉಸಿರಾಟದ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಇಳೀತಾರೆ. ಇಳೀಲೇಬೇಕು, ಅವರ ಜೀವಕ್ಕೂ ಬೆಲೆ ಇದೆ. ಮೊದಲು ಇಳಿದವನ ಬೆನ್ನಿಗೆ ಯಾಕೆ ಏನೂ ಇರಲಿಲ್ಲ? 2013ರಲ್ಲೇ ನಿಷೇಧದ ಕಾಯ್ದೆ ಬಂದಿದೆ. ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರ ಕೊಡಿ ಅಂದಿದೆ. ಆದರೂ ಸತ್ತ ಮೇಲೆ ಅವನು ಯಾರ ಕೆಲಸಗಾರ ಅಂತಾನೇ ಜಗಳ. ಪಾಲಿಕೆ ಗುತ್ತಿಗೆದಾರನನ್ನು ತೋರಿಸುತ್ತೆ, ಗುತ್ತಿಗೆದಾರ ‘ನಂಗೊತ್ತಿಲ್ಲ’ ಅಂತಾನೆ. ಅದೇ ಡಾಕ್, ಅದೇ ಮೇಸ್ತ್ರಿ.

ಆ 66 ಮಂದಿಗೆ ಸಂದ ಗೌರವ ಕಡಿಮೆ ಆಗಲಿ ಅಂತ ನಾನು ಹೇಳ್ತಿಲ್ಲ. ಅಷ್ಟೇ ಗೌರವ ಗುಂಡಿಯಲ್ಲಿ ಸತ್ತವನಿಗೂ ಸಿಗಲಿ. ಅವನೂ ಊರು ಉಳಿಸೋ ಕೆಲಸದಲ್ಲೇ ಸತ್ತದ್ದು.

ಈ ಸಲ ಜಯಂತಿಯ ದಿನ ಬಾಬಾಸಾಹೇಬರಿಗೆ ಹಾರ ಹಾಕಿದ ಮೇಲೆ ನಿಮ್ಮೂರಿನ ಅಗ್ನಿಶಾಮಕ ಠಾಣೆಗೂ ಹೋಗಿ ಬನ್ನಿ. ಜೊತೆಗೆ ಪೌರಕಾರ್ಮಿಕರನ್ನೂ ಕರ್ಕೊಂಡು ಹೋಗಿ. ನಿಮ್ಮೂರಲ್ಲಿ ಮ್ಯಾನ್‌ಹೋಲ್‌ಗೆ ಬಲಿಯಾದವರ ಹೆಸರುಗಳನ್ನು ಅಲ್ಲಿ ಗಟ್ಟಿಯಾಗಿ ಓದಿ.

ಜೈ ಭೀಮ್.