ಏಕಶಿಲೆ ಮತ್ತು ಬೃಹತ್‌ಶಿಲೆ

ದೊಡ್ಡ ಕಲ್ಲಿನ ಸ್ಮಾರಕಗಳನ್ನು ಕುರಿತ ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಮೂಲದಲ್ಲಿ ಇವು ಗ್ರೀಕ್ ಧಾತುಗಳಿಂದಾದ ಮಾನೊಲಿತ್ ಮತ್ತು ಮೆಗಾಲಿತ್. ಮೊದಲನೆಯದು ಪ್ರಾಚೀನ ಪದ. ಈಜಿಪ್ಟಿನ ಸಾಯಿಸ್ ನಗರಕ್ಕೆ ದೂರದಿಂದ ತಂದ ಒಂದೇ ಕಲ್ಲಿನ ಗುಡಿಯನ್ನು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಪದದಿಂದಲೇ ಬಣ್ಣಿಸಿದ್ದಾನೆ. 2000 ಜನರಿಗೆ ಅದನ್ನು ಸಾಗಿಸಲು 3 ವರ್ಷ ಹಿಡಿಯಿತು ಎನ್ನುತ್ತಾನೆ. ಎರಡನೆಯದು ಹೊಸದು: 1849ರಲ್ಲಿ ಆಲ್ಜರ್ನನ್ ಹರ್ಬರ್ಟ್ ಸ್ಟೋನ್‌ಹೆಂಜ್ ಮೊದಲಾದ ರಚನೆಗಳ ಪ್ರಾಚೀನತೆಯನ್ನು ಚರ್ಚಿಸುತ್ತ ಗ್ರೀಕ್ ಧಾತುಗಳಿಂದ ಕಟ್ಟಿದ ಮಾತು.

‘ಬೃಹತ್’ ಎಂಬುದನ್ನು ನೋಡಿ ಇದು ಗಾತ್ರದ ಭೇದ ಎಂದುಕೊಂಡರೆ ದಾರಿ ತಪ್ಪುತ್ತದೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ ಎತ್ತರ. ಆದರೂ ಅದನ್ನು ಯಾರೂ ಬೃಹತ್‌ಶಿಲಾ ಸ್ಮಾರಕ ಎನ್ನುವುದಿಲ್ಲ. ಬೆಟ್ಟದ ಮೇಲಿದ್ದ ಬಂಡೆಯಿಂದ ಬೇಡದ ಭಾಗವನ್ನು ಕೆತ್ತಿ ತೆಗೆದಾಗ ಉಳಿದ ಏಕಶಿಲೆಯ ರೂಪ ಅದು. ಬ್ರಹ್ಮಗಿರಿಯ ಸಮಾಧಿಗಳದು ಬೇರೆಯೇ ಬಗೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕಂಡಂತೆ, ನಾಲ್ಕು ಚಪ್ಪಡಿಗಳನ್ನು ನೆಲದೊಳಗೆ ನಿಲ್ಲಿಸಿ, ಒಂದರ ತುದಿ ಇನ್ನೊಂದನ್ನು ದಾಟಿ ಚಾಚುವಂತೆ ಹೊಂದಿಸಿದ್ದರು. ಹೊರಗಿನ ಮಣ್ಣು ಒತ್ತಿದರೂ ಗೋಡೆ ಒಳಕ್ಕೆ ಕುಸಿಯದು. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಸತ್ತವರಿಗಾಗಿ ಎಷ್ಟು ಎಚ್ಚರದ ಕೆಲಸ! ‘ಏಕಶಿಲೆ’ ಕಲ್ಲಿನ ಸಂಖ್ಯೆ ಹೇಳುತ್ತದೆ. ‘ಬೃಹತ್‌ಶಿಲೆ’ ಒಂದು ಸಂಪ್ರದಾಯವನ್ನು ಹೆಸರಿಸುತ್ತದೆ. ದಕ್ಷಿಣ ಭಾರತದಲ್ಲಿ ಆ ಸಂಪ್ರದಾಯ ಬಹುಮಟ್ಟಿಗೆ ಕಬ್ಬಿಣಯುಗದ ಶವಸಂಸ್ಕಾರದ್ದು.

ಹಾಗಿದ್ದರೂ ದೊಡ್ಡ ಕಲ್ಲು ಇರಲೇಬೇಕಲ್ಲವೇ ಎಂಬ ಆಕ್ಷೇಪ ಸಹಜ. ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ಹೂತದ್ದು ಮಣ್ಣಿನ ಗುಡಾಣಗಳನ್ನು. ಆದರೂ ವಿದ್ವಾಂಸರು ಅವನ್ನು ಬೃಹತ್‌ಶಿಲಾ ಸಂಸ್ಕೃತಿಯ ಜೊತೆ ಚರ್ಚಿಸುತ್ತ ಬಂದಿದ್ದಾರೆ. ಪದ ತನ್ನ ಅಕ್ಷರಾರ್ಥವನ್ನು ಮೀರಿ ಬೆಳೆದಿದೆ, ಇದು ಅದರ ದೋಷವೂ ಹೌದು. ಈ ವಿಷಯದಲ್ಲಿ ಹಳ್ಳಿಯವರ ಮಾತೇ ನೇರ: ಹಿರೇಬೆಣಕಲ್ಲಿನ ಗುಡ್ಡದ ಕಲ್ಲುಕೋಣೆಗಳನ್ನು ಅವರು ಮೋರ್ಯರ ಮನೆಗಳೆನ್ನುತ್ತಾರೆ. ಅಲ್ಲಿ ಗಾತ್ರವೂ ಇಲ್ಲ, ಸಂಖ್ಯೆಯೂ ಇಲ್ಲ, ಕಟ್ಟಿದವರೆಂದು ನಂಬಿದವರ ನೆನಪಿದೆ.

ಒಂಟಿಯಾಗಿ ನೆಟ್ಟ ನಿಲುವುಗಲ್ಲು ಯಾವುದಕ್ಕೆ ಸೇರಬೇಕು ಎಂಬ ಪ್ರಶ್ನೆ ಇನ್ನೂ ಕಠಿಣವಾದದ್ದು. ಫ್ರಾನ್ಸಿನ ಲೊಕ್ಮರಿಯಾಕೆರ್‌ನಲ್ಲಿ 20 ಮೀಟರಿಗೂ ಉದ್ದದ ಅಂಥ ಕಲ್ಲು ನಾಲ್ಕು ತುಂಡಾಗಿ ಬಿದ್ದಿದೆ. ಒಂದೇ ಬಂಡೆಯಿಂದ ಆದದ್ದರಿಂದ ಅದು ಏಕಶಿಲೆ. ನವಶಿಲಾಯುಗದ ಜನ ಎಳೆದು ತಂದು ನಿಲ್ಲಿಸಿದ್ದರಿಂದ ಬೃಹತ್‌ಶಿಲೆ. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ನಿಂತಿರುವ ಕಲ್ಲುಗಳಿಗೂ ಎರಡು ಹೆಸರೂ ಸಲ್ಲುತ್ತವೆ.