ಆತ್ಮನಿಂದನೆಯ ಅಧ್ಯಯನ: ಫ್ರಾಯ್ಡ್‌ನಿಂದ ಮೈತ್ರಿ ಧ್ಯಾನದವರೆಗೆ

ತಪ್ಪಾದಾಗ ಅದನ್ನು ಗುರುತಿಸಿ ತಿದ್ದಿಕೊಳ್ಳುವುದು ಆತ್ಮವಿಮರ್ಶೆ. ಅದೇ ತಪ್ಪಿಗೆ ‘ನಾನು ಯಾವುದಕ್ಕೂ ಬಾರದವನು’, ‘ನನ್ನಿಂದ ಯಾರಿಗೂ ಸುಖವಿಲ್ಲ’ ಎಂದು ತನ್ನನ್ನೇ ಜರೆದುಕೊಳ್ಳುವುದು ಆತ್ಮನಿಂದನೆ. ಮೊದಲನೆಯದರ ಕಣ್ಣು ಮಾಡಿದ ಕೆಲಸದ ಮೇಲಿರುತ್ತದೆ. ಎರಡನೆಯದು ಇಡೀ ಮನುಷ್ಯನ ಮೇಲೆ ಎರಗುತ್ತದೆ. ಇವೆರಡನ್ನೂ ಒಂದೇ ಎಂದು ಬಗೆದದ್ದರಿಂದ ಮನೆಯಲ್ಲೂ ಶಾಲೆಯಲ್ಲೂ ಆತ್ಮನಿಂದನೆಗೆ ಸಲ್ಲದ ಗೌರವ ಸಿಕ್ಕಿದೆ. ತನ್ನನ್ನು ತಾನು ಹಂಗಿಸಿಕೊಳ್ಳದಿದ್ದರೆ ಮನುಷ್ಯ ಸೋಮಾರಿಯಾಗುತ್ತಾನೆ, ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಈ ನಂಬಿಕೆ ತಪ್ಪು ಎಂಬ ತೀರ್ಮಾನಕ್ಕೆ ಬರಲು ಮನೋವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಈ ನಿಂದನೆ ಎಲ್ಲಿಂದ ಬರುತ್ತದೆ ಎಂದು ಆ ವಿಜ್ಞಾನ ಮೊದಲು ಕೇಳಿತು. ಅದು ಹೇಳುವುದು ನಿಜವೇ ಎಂದು ಆಮೇಲೆ ಕೇಳಿತು. ಮನುಷ್ಯ ತನ್ನೊಡನೆ ಯಾವ ದನಿಯಲ್ಲಿ ಮಾತಾಡುತ್ತಾನೆ ಎಂಬ ಪ್ರಶ್ನೆ ಬಂದದ್ದು ಕೊನೆಗೆ. ಧ್ಯಾನ ಆಸ್ಪತ್ರೆಯ ಒಳಗೆ ಕಾಲಿಟ್ಟದ್ದು ಆ ಪ್ರಶ್ನೆಯ ಜೊತೆಯಲ್ಲಿ.

1917ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಶೋಕವನ್ನೂ ವಿಷಣ್ಣತೆಯನ್ನೂ ಹೋಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ಆಪ್ತರನ್ನು ಕಳೆದುಕೊಂಡವರು ಅಳುತ್ತಾರೆ, ಲೋಕದಲ್ಲಿ ಆಸಕ್ತಿ ಕಳೆದುಕೊಳ್ಳುತ್ತಾರೆ. ಆದರೆ ತಮ್ಮನ್ನು ತಾವು ಕೀಳಾಗಿ ಕಾಣುವುದಿಲ್ಲ. ವಿಷಣ್ಣತೆಗೆ ಸಿಕ್ಕವರಲ್ಲಿ ಈ ಕೀಳರಿಮೆ, ಶಿಕ್ಷೆಯ ನಿರೀಕ್ಷೆ ಸೇರಿಕೊಂಡಿರುತ್ತದೆ. ಬೇರೊಬ್ಬರ ಮೇಲಿನ ಸಿಟ್ಟು ಒಳಮುಖವಾಗಿ ತಿರುಗಿ ತನ್ನ ಮೇಲೆಯೇ ಬೀಳುತ್ತದೆ ಎಂಬುದು ಅವರ ವಿವರಣೆ. 1923ರಲ್ಲಿ ಅವರು ಮಂಡಿಸಿದ ‘ಅತ್ಯಹಂ’ ಕಲ್ಪನೆ ಇದಕ್ಕೊಂದು ನೆಲೆ ಕೊಟ್ಟಿತು: ತಂದೆತಾಯಿಯರ, ಸಮಾಜದ ಆಜ್ಞೆಗಳು ಮನಸ್ಸಿನೊಳಗೆ ನ್ಯಾಯಾಧೀಶನಾಗಿ ಕುಳಿತಿರುತ್ತವೆ. ನಿಂದಿಸುವ ದನಿ ಹುಟ್ಟಿನಿಂದ ಬಂದದ್ದಲ್ಲ, ಕೇಳಿ ಕಲಿತದ್ದು ಎಂಬ ಈ ಅರಿವು ಇಂದಿಗೂ ಸವೆದಿಲ್ಲ. ಆದರೆ ಆ ದನಿಯನ್ನು ಮೆದುವಾಗಿಸುವ ದಾರಿಯ ಬಗ್ಗೆ ಮನೋವಿಶ್ಲೇಷಣೆ ಹೆಚ್ಚೇನೂ ಹೇಳಲಿಲ್ಲ.

ಆ ಪರಂಪರೆಯಿಂದಲೇ ಹೊರಟು ಭಿನ್ನದಾರಿ ಹಿಡಿದ ಕ್ಯಾರೆನ್ ಹಾರ್ನೈ 1950ರ ತಮ್ಮ ಕೊನೆಯ ದೊಡ್ಡ ಗ್ರಂಥದಲ್ಲಿ ‘ಹೀಗಿರಲೇಬೇಕು’ಗಳ ದಬ್ಬಾಳಿಕೆಯನ್ನು ವಿವರಿಸಿದರು. ಅಭದ್ರತೆಯಲ್ಲಿ ಬೆಳೆದ ಮಗು ತನ್ನದೊಂದು ಆದರ್ಶ ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ಎಂದೂ ಸೋಲದ, ಎಲ್ಲರಿಗೂ ಬೇಕಾದ, ಎಲ್ಲವನ್ನೂ ಬಲ್ಲ ವ್ಯಕ್ತಿಯ ಚಿತ್ರ ಅದು. ನಿಜವಾದ ತಾನು ಆ ಚಿತ್ರಕ್ಕೆ ಎಂದೂ ಸಾಟಿಯಾಗದ ಕಾರಣ ನಿಜವಾದ ತನ್ನ ಮೇಲೆ ದ್ವೇಷ ಬೆಳೆಯುತ್ತದೆ. ತೊಂಬತ್ತೈದು ಅಂಕ ಬಂದಾಗಲೂ ‘ಇನ್ನೈದು ಎಲ್ಲಿ ಹೋಯಿತು’ ಎಂಬ ಪ್ರಶ್ನೆ ಕೇಳಿಸಿಕೊಂಡು ಬೆಳೆದವರಿಗೆ ಹಾರ್ನೈ ಅವರ ವಿವರಣೆ ಹೊಸದೆನಿಸುವುದಿಲ್ಲ.

ಸ್ವೀಕಾರವೇ ಚಿಕಿತ್ಸೆಯಾಗಬಲ್ಲದು ಎಂಬ ಮಾತು ಗಟ್ಟಿಯಾಗಿ ಕೇಳಿಬಂದದ್ದು ಕಾರ್ಲ್ ರಾಜರ್ಸ್ ಅವರಿಂದ. ಷರತ್ತಿಲ್ಲದ ಆದರವನ್ನು ಅವರು ಆಪ್ತಸಲಹೆಯ ಬುನಾದಿಯಾಗಿಸಿದರು. ಮನುಷ್ಯ ತಾನಿರುವಂತೆ ತನ್ನನ್ನು ಒಪ್ಪಿಕೊಂಡಾಗಲೇ ಅವನಲ್ಲಿ ಬದಲಾವಣೆ ಸಾಧ್ಯವಾಗುತ್ತದೆ ಎಂಬ ಅವರ ನಿಲುವು ಮೇಲುನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. ಮುಂದಿನ ಅನೇಕ ಸಂಶೋಧನೆಗಳು ಅದರ ಸುತ್ತಲೇ ಸುತ್ತಿವೆ. ಅದೇ 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್ ಇನ್ನಷ್ಟು ಖಡಾಖಂಡಿತವಾಗಿ ವಾದಿಸಿದರು. ಕೆಲಸಕ್ಕೆ ಬೆಲೆ ಕಟ್ಟಬಹುದು, ಮನುಷ್ಯನಿಗೆ ಒಟ್ಟಾರೆಯಾಗಿ ಬೆಲೆ ಕಟ್ಟಲಾಗದು. ಆ ಲೆಕ್ಕಾಚಾರವನ್ನೇ ಕೈಬಿಡಬೇಕು ಎಂಬುದು ಅವರ ವಾದ.

ಆರನ್ ಬೆಕ್ ಮನೋವಿಶ್ಲೇಷಣೆಯಲ್ಲಿ ತರಬೇತಾದವರು. ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳ ಕನಸುಗಳನ್ನು ಪರಿಶೀಲಿಸಿದಾಗ ಫ್ರಾಯ್ಡ್ ಹೇಳಿದ ಒಳಮುಖ ಸಿಟ್ಟು ಸಿಗಬೇಕೆಂದು ಅವರು ನಿರೀಕ್ಷಿಸಿದ್ದರು. ಸಿಕ್ಕಿದ್ದು ಸೋಲು, ನಷ್ಟ, ತಿರಸ್ಕಾರಗಳ ಚಿತ್ರಗಳು. ಅಲ್ಲಿಂದ ಅವರ ಗಮನ ರೋಗಿಯ ತಲೆಯಲ್ಲಿ ತಾವಾಗಿಯೇ ಹಾದುಹೋಗುವ ಆಲೋಚನೆಗಳತ್ತ ಹೊರಳಿತು. ತನ್ನ ಬಗ್ಗೆ, ಲೋಕದ ಬಗ್ಗೆ, ನಾಳೆಯ ಬಗ್ಗೆ ಇರುವ ಕರಾಳ ನೋಟವೇ ಖಿನ್ನತೆಯನ್ನು ಪೋಷಿಸುತ್ತದೆ ಎಂದು ಕಂಡುಕೊಂಡ ಬೆಕ್, ಅಂಥ ಆಲೋಚನೆಗಳನ್ನು ಸಾಕ್ಷ್ಯದ ಎದುರು ನಿಲ್ಲಿಸುವ ಕಾಗ್ನಿಟಿವ್ ಥೆರಪಿಯನ್ನು ರೂಪಿಸಿದರು. 1979ರ ಅವರ ಕೈಪಿಡಿ ಜಗತ್ತಿನಾದ್ಯಂತ ಬಳಕೆಗೆ ಬಂತು.

ಆದರೂ ಒಂದು ಗುಂಪಿನವರು ಚಿಕಿತ್ಸೆಗೆ ಸುಲಭವಾಗಿ ಬಗ್ಗಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಸಿಡ್ನಿ ಬ್ಲಾಟ್ 1974ರಲ್ಲಿಯೇ ಖಿನ್ನತೆಯ ಎರಡು ಬಗೆಗಳನ್ನು ಬೇರ್ಪಡಿಸಿದ್ದರು: ಒಂದು ಆಸರೆ ಕಳೆದುಕೊಳ್ಳುವ ಭಯದಿಂದ ಹುಟ್ಟುವಂಥದು, ಇನ್ನೊಂದು ಆತ್ಮನಿಂದನೆಯಿಂದ ಹುಟ್ಟುವಂಥದು. ಇವನ್ನು ಅಳೆಯುವ ಪ್ರಶ್ನಾವಳಿ 1976ರಲ್ಲಿ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿದ್ದ ಖಿನ್ನತೆಯ ದೊಡ್ಡ ಚಿಕಿತ್ಸಾ ಪ್ರಯೋಗದ ಮಾಹಿತಿಯನ್ನು ಬ್ಲಾಟ್ ತಂಡ 1995ರಲ್ಲಿ ಮತ್ತೆ ಜಾಲಾಡಿತು. ತನ್ನಿಂದ ಎಲ್ಲವೂ ಕುಂದಿಲ್ಲದೆ ನಡೆಯಬೇಕೆಂದು ಬಯಸಿ ತನ್ನನ್ನೇ ದಂಡಿಸಿಕೊಳ್ಳುವ ಸ್ವಭಾವದವರಿಗೆ ಮಾತಿನ ಚಿಕಿತ್ಸೆಯಾಗಲಿ, ಮಾತ್ರೆಯಾಗಲಿ ಉಳಿದವರಿಗಿಂತ ಕಡಿಮೆ ಫಲ ಕೊಟ್ಟಿತ್ತು. ಆತ್ಮನಿಂದನೆ ಖಿನ್ನತೆಯ ಒಂದು ಲಕ್ಷಣ ಮಾತ್ರವಲ್ಲ, ಗುಣವಾಗುವುದಕ್ಕೆ ಅಡ್ಡಿಯೂ ಹೌದು ಎಂಬುದು ಆಗ ಸ್ಪಷ್ಟವಾಯಿತು.

ಈ ನಡುವೆ ಅಮೆರಿಕದಲ್ಲಿ ಇನ್ನೊಂದು ಪರಿಹಾರ ಜನಪ್ರಿಯವಾಗಿತ್ತು: ಸ್ವಾಭಿಮಾನವನ್ನು ಏರಿಸುವುದು. 1965ರಲ್ಲಿ ಮೋರಿಸ್ ರೋಸೆನ್‌ಬರ್ಗ್ ರೂಪಿಸಿದ ಹತ್ತು ಹೇಳಿಕೆಗಳ ಮಾಪನದಿಂದ ಸಂಶೋಧನೆ ಬೆಳೆಯಿತು; 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಈ ವಿಷಯಕ್ಕಾಗಿಯೇ ಸರ್ಕಾರಿ ಕಾರ್ಯಪಡೆಯನ್ನು ನೇಮಿಸಿತು. ಮಕ್ಕಳಿಗೆ ‘ನೀನು ವಿಶೇಷ’ ಎಂದು ಹೇಳಿದರೆ ಓದೂ ಸುಧಾರಿಸುತ್ತದೆ, ಅಪರಾಧವೂ ಇಳಿಯುತ್ತದೆ ಎಂಬ ಆಸೆ ಅದರ ಹಿಂದಿತ್ತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಸ್ತಾರ ಪರಾಮರ್ಶೆ ಆ ಆಸೆಗೆ ಆಧಾರವಿಲ್ಲವೆಂದು ತೋರಿಸಿತು. ಸ್ವಾಭಿಮಾನ ಇರುವವರು ಹೆಚ್ಚು ಸಂತೋಷವಾಗಿರುತ್ತಾರೆ ಎಂಬುದೇನೋ ನಿಜ. ಆದರೆ ಅದನ್ನು ಏರಿಸಿದ ಮಾತ್ರಕ್ಕೆ ಅಂಕ ಏರುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಬೇರೆಡೆ ಇತ್ತು. ಇನ್ನೊಬ್ಬರಿಗಿಂತ ಮೇಲೆಂಬ ಹೋಲಿಕೆಯಲ್ಲಿ ನಿಂತ ಸ್ವಾಭಿಮಾನ ಸೋಲಿನ ದಿನವೇ ಕುಸಿಯುತ್ತದೆ, ಆಸರೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಹೊಗಳಿಕೆಯಿಂದ ನಿಂದನೆಯನ್ನು ಓಡಿಸುವ ಈ ಪ್ರಯತ್ನ ಕ್ಷೇತ್ರದ ಅತ್ಯಂತ ದುಬಾರಿ ಅಡ್ಡದಾರಿ ಎನ್ನಬೇಕು.

ನಿಜವಾದ ಹೊಸ ನೀರು ಏಷ್ಯಾದ ಧ್ಯಾನಪರಂಪರೆಗಳಿಂದ ಹರಿದು ಬಂತು. ಐದನೆಯ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಬುದ್ಧಘೋಷ ರಚಿಸಿದ ವಿಶುದ್ಧಿಮಗ್ಗ ಮೈತ್ರಿ ಧ್ಯಾನದ ಕ್ರಮವನ್ನು ಹಂತಹಂತವಾಗಿ ನಿರೂಪಿಸುತ್ತದೆ. ಸಾಧಕ ಮೊದಲು ತನಗೇ ಒಳಿತನ್ನು ಹಾರೈಸಿಕೊಳ್ಳಬೇಕು. ಆಮೇಲೆ ಗುರುವಿಗೆ, ಪ್ರಿಯರಿಗೆ, ಪರಿಚಯವಷ್ಟೇ ಇರುವವರಿಗೆ, ಕೊನೆಗೆ ವೈರಿಗೆ. ತನ್ನಂತೆಯೇ ಎಲ್ಲ ಜೀವಿಗಳೂ ಸುಖ ಬಯಸುತ್ತವೆ ಎಂಬುದಕ್ಕೆ ಸಾಧಕ ತಾನೇ ಮೊದಲ ಸಾಕ್ಷಿ ಎಂಬ ತರ್ಕ ಅದರ ಹಿಂದಿದೆ. ಇದರ ಜೊತೆಗೆ, ಮೈಮನಗಳಲ್ಲಿ ಆಗುವುದನ್ನು ಆದಂತೆಯೇ ಗಮನಿಸುವ ವಿಪಶ್ಯನ ಪದ್ಧತಿ ಇಪ್ಪತ್ತನೆಯ ಶತಮಾನದ ಬರ್ಮಾದಲ್ಲಿ ಗೃಹಸ್ಥರಿಗೂ ತೆರೆದುಕೊಂಡಿತು. ಅಲ್ಲಿ ಸರ್ಕಾರಿ ಲೆಕ್ಕಪತ್ರ ಇಲಾಖೆಯ ಉನ್ನತಾಧಿಕಾರಿಯಾಗಿದ್ದ ಊ ಬಾ ಖಿನ್ ಅವರಿಂದ ಅದನ್ನು ಕಲಿತ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನಗಳ ಶಿಬಿರಗಳನ್ನು ನಡೆಸತೊಡಗಿದರು. ಇಗತ್‌ಪುರಿಯಲ್ಲಿ ಅವರ ಮುಖ್ಯ ಕೇಂದ್ರವಿದೆ. ಬೆಂಗಳೂರಿನ ಹೊರವಲಯದಲ್ಲೂ ‘ಧಮ್ಮ ಪಫುಲ್ಲ’ ಹೆಸರಿನ ಕೇಂದ್ರವಿದೆ.

ಬೋಧಗಯೆಯಲ್ಲಿ ಗೋಯೆಂಕಾ ಅವರ ಬಳಿ ಕಲಿತವರಲ್ಲಿ ಶರನ್ ಸಾಲ್ಜ್‌ಬರ್ಗ್ ಎಂಬ ಅಮೆರಿಕದ ತರುಣಿಯೂ ಇದ್ದರು. 1970ರ ದಶಕದ ಮಧ್ಯದಲ್ಲಿ ಅವರು ಗೆಳೆಯರೊಡನೆ ಮ್ಯಾಸಚೂಸೆಟ್ಸ್‌ನಲ್ಲಿ ಧ್ಯಾನಕೇಂದ್ರ ಕಟ್ಟಿದರು. 1990ರಲ್ಲಿ ಧರ್ಮಶಾಲೆಯಲ್ಲಿ ವಿಜ್ಞಾನಿಗಳೂ ದಲಾಯಿ ಲಾಮಾ ಅವರೂ ಸೇರಿದ್ದ ಸಂವಾದದಲ್ಲಿ ಸಾಲ್ಜ್‌ಬರ್ಗ್ ಆತ್ಮದ್ವೇಷದ ಬಗ್ಗೆ ಕೇಳಿದರು. ದಲಾಯಿ ಲಾಮಾ ತಬ್ಬಿಬ್ಬಾದರು. ಮನುಷ್ಯ ತನ್ನನ್ನೇ ದ್ವೇಷಿಸುವುದು ಹೇಗೆ ಸಾಧ್ಯ ಎಂದು ಮತ್ತೆ ಮತ್ತೆ ವಿಚಾರಿಸಿದರು. ಅಲ್ಲಿದ್ದ ಪಾಶ್ಚಾತ್ಯರಿಗೆ ಅದು ದಿನನಿತ್ಯದ ಅನುಭವವಾಗಿತ್ತು. ಹಳೆಯ ಗ್ರಂಥಗಳು ಸುಲಭವೆಂದು ಮೊದಲಿಗಿಟ್ಟ ಹಂತವೇ, ತನ್ನ ಒಳಿತನ್ನು ಹಾರೈಸಿಕೊಳ್ಳುವ ಹಂತವೇ, ಇಂದಿನ ಅನೇಕರಿಗೆ ಅತ್ಯಂತ ಕಠಿಣವೆಂದು ಶಿಕ್ಷಕರು ಕಂಡುಕೊಂಡರು. ಅಂಥವರಿಗೆ ಪ್ರೀತಿಯ ಅಜ್ಜಿಯನ್ನೋ ಸಾಕಿದ ನಾಯಿಯನ್ನೋ ನೆನೆದು ಆರಂಭಿಸಿ, ಮೂಡಿದ ಆರ್ದ್ರತೆಯನ್ನು ಬಳಿಕ ತಮ್ಮೆಡೆಗೆ ತಿರುಗಿಸಿಕೊಳ್ಳುವಂತೆ ಕ್ರಮವನ್ನು ಮಾರ್ಪಡಿಸಲಾಗಿದೆ.

ಆಸ್ಪತ್ರೆಗೆ ಧ್ಯಾನವನ್ನು ತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಮೈಂಡ್‌ಫುಲ್‌ನೆಸ್, ಅಂದರೆ ಆಗುವುದನ್ನು ಆದಂತೆಯೇ ಗಮನಿಸುವ, ತರಬೇತಿಯನ್ನು ಅವರು ಆರಂಭಿಸಿದರು. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅದನ್ನು ಬೆಕ್ ಅವರ ಚಿಕಿತ್ಸೆಯೊಡನೆ ಬೆಸೆದರು. ಇಲ್ಲಿ ‘ನಾನು ಅಯೋಗ್ಯ’ ಎಂಬ ಆಲೋಚನೆಯೊಡನೆ ವಾದಕ್ಕಿಳಿಯುವುದಿಲ್ಲ. ಅದು ಬಂತು, ಇದೆ, ಹೋಯಿತು ಎಂದು ನೋಡುವ ಅಭ್ಯಾಸವಾಗುತ್ತದೆ. 2000ದಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 145 ಮಂದಿ ಇದ್ದರು. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಬಿದ್ದಿದ್ದವರ ಪೈಕಿ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 66 ಮಂದಿಗೆ ಕಾಯಿಲೆ ಮರುಕಳಿಸಿದರೆ, ತರಬೇತಿ ಪಡೆದವರಲ್ಲಿ ಅದು ಶೇ 37. ಎರಡೇ ಬಾರಿ ಬಿದ್ದಿದ್ದವರಿಗೆ ಲಾಭ ಕಾಣಲಿಲ್ಲ.

ನೋಡುವುದಷ್ಟೇ ಸಾಲದು, ಸಂತೈಸುವುದೂ ಬೇಕು ಎಂದವರು ಬ್ರಿಟನ್ನಿನ ಪಾಲ್ ಗಿಲ್ಬರ್ಟ್. ತಮ್ಮ ಆಲೋಚನೆ ತಪ್ಪೆಂದು ಬುದ್ಧಿಗೆ ಗೊತ್ತು, ಆದರೆ ಮನಸ್ಸಿಗೆ ಹಾಗನಿಸುವುದಿಲ್ಲ ಎಂದು ರೋಗಿಗಳು ಹೇಳುವುದನ್ನು ಅವರು ಗಮನಿಸಿದ್ದರು. ಸರಿಯಾದ ಮಾತುಗಳನ್ನೇ ಆ ರೋಗಿಗಳು ತಮಗೆ ಹೇಳಿಕೊಳ್ಳುತ್ತಿದ್ದರು, ಆದರೆ ಗದರಿಸುವ ದನಿಯಲ್ಲಿ. ಅಪಾಯವನ್ನು ಎದುರಿಸುವುದು, ಬೇಕಾದದ್ದನ್ನು ಬೆನ್ನಟ್ಟುವುದು, ಸಮಾಧಾನಗೊಳ್ಳುವುದು ಎಂಬ ಮೂರು ವ್ಯವಸ್ಥೆಗಳು ಮನುಷ್ಯನಲ್ಲಿವೆ ಎಂದು ಗಿಲ್ಬರ್ಟ್ ವಿವರಿಸುತ್ತಾರೆ. ಹೊರಗಿನ ಶತ್ರು ಕೆರಳಿಸುವ ಅಪಾಯದ ವ್ಯವಸ್ಥೆಯನ್ನೇ ಆತ್ಮನಿಂದನೆಯೂ ಕೆರಳಿಸುತ್ತದೆ. ಆದರೆ ಆ ಶತ್ರುವಿನಿಂದ ಓಡಿಹೋಗಲು ಜಾಗವಿಲ್ಲ. ಬಾಲ್ಯದಲ್ಲಿ ಆರೈಕೆ ಸಿಗದವರಲ್ಲಿ ಸಮಾಧಾನದ ವ್ಯವಸ್ಥೆ ಸರಿಯಾಗಿ ಬೆಳೆದಿರುವುದಿಲ್ಲ. ಅದನ್ನು ನಿಧಾನವಾದ ಉಸಿರಾಟ, ಮೃದು ಮುಖಭಾವ, ಕರುಣಾಮಯಿಯೊಬ್ಬರ ಕಲ್ಪನೆಗಳ ಮೂಲಕ ಬೆಳೆಸುವುದು ಅವರ ಕರುಣಾಕೇಂದ್ರಿತ ಚಿಕಿತ್ಸೆಯ ಕ್ರಮ. 2004ರಲ್ಲಿ ಅವರ ತಂಡ ರೂಪಿಸಿದ ಮಾಪನ ‘ನಾನು ಸಾಲದು’ ಎನ್ನುವ ನಿಂದನೆಯನ್ನೂ ‘ನಾನು ಅಸಹ್ಯ’ ಎನ್ನುವ ನಿಂದನೆಯನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಈ ವಿಂಗಡಣೆ ಮುಖ್ಯ, ಏಕೆಂದರೆ ಎರಡನೆಯದು ಸಾಮಾನ್ಯವಾಗಿ ಹೆಚ್ಚು ಅಪಾಯಕಾರಿ. ಕರುಣೆಯೇ ಕೆಲವರಲ್ಲಿ ಭಯ ಹುಟ್ಟಿಸುತ್ತದೆ ಎಂಬುದನ್ನೂ ಗಿಲ್ಬರ್ಟ್ ತಂಡ ದಾಖಲಿಸಿದೆ: ಪ್ರೀತಿ ತೋರಿದವರಿಂದಲೇ ಪೆಟ್ಟು ತಿಂದವರು ಮೃದುಮಾತಿಗೆ ಬೆಚ್ಚುತ್ತಾರೆ.

ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಕರುಣೆಯನ್ನು ವ್ಯಾಖ್ಯಾನಿಸಿ, 26 ಹೇಳಿಕೆಗಳ ಮಾಪನವನ್ನು ಪ್ರಕಟಿಸಿದರು. ತನ್ನ ಬಗ್ಗೆ ದಯೆ, ಸೋಲು ಎಲ್ಲ ಮನುಷ್ಯರಿಗೂ ಸಾಮಾನ್ಯವೆಂಬ ಅರಿವು, ನೋವನ್ನು ಅಡಗಿಸದೆ ಹಿಗ್ಗಿಸದೆ ಗಮನಿಸುವುದು, ಈ ಮೂರೂ ಸೇರಿದ್ದು ಅವರ ಸ್ವಕರುಣೆ. ನಡುವಿನ ಅಂಶವೇ ಇದನ್ನು ತನ್ನ ಮೇಲಿನ ಮರುಕದಿಂದ ಬೇರೆ ಮಾಡುತ್ತದೆ. ಮರುಕ ತಾನೊಬ್ಬನೇ ನೊಂದವನೆಂದು ಕುಗ್ಗುತ್ತದೆ. ಕ್ರಿಸ್ಟೋಫರ್ ಗರ್ಮರ್ ಜೊತೆ ನೆಫ್ ಎಂಟು ವಾರಗಳ ತರಬೇತಿಯನ್ನೂ ರೂಪಿಸಿದರು.

ತನ್ನನ್ನು ಕ್ಷಮಿಸಿಕೊಂಡರೆ ಮನುಷ್ಯ ಸಡಿಲಾಗುತ್ತಾನೆ ಎಂಬ ಹಳೆಯ ಭಯಕ್ಕೆ ಪ್ರಯೋಗಗಳು ಉತ್ತರ ಕೊಟ್ಟಿವೆ. 2010ರ ಕೆನಡಾದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಠಿಣ ಪರೀಕ್ಷೆಯಲ್ಲಿ ಎಡವಿದ ಬಳಿಕ ಸ್ವಕರುಣೆಯ ಸೂಚನೆ ಪಡೆದವರು, ಸ್ವಾಭಿಮಾನ ಹೆಚ್ಚಿಸುವ ಸೂಚನೆ ಪಡೆದವರಿಗಿಂತ ಹೆಚ್ಚು ಹೊತ್ತು ಓದಿದರು. ತಪ್ಪನ್ನು ಕಣ್ಣೆತ್ತಿ ನೋಡಲು ಧೈರ್ಯ ಬೇಕು. ಬೈಗುಳದ ಭಯ ಇಳಿದಾಗ ಆ ಧೈರ್ಯ ಬರುತ್ತದೆ. ಅದೇ ವರ್ಷ ಮ್ಯಾಕ್‌ಬೆತ್ ಮತ್ತು ಗಮ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸ್ವಕರುಣೆ ಹೆಚ್ಚಿದ್ದವರಲ್ಲಿ ಖಿನ್ನತೆ, ಆತಂಕ, ಒತ್ತಡಗಳು ಗಣನೀಯವಾಗಿ ಕಡಿಮೆ ಎಂದು ತೋರಿಸಿದರು. ಆತ್ಮನಿಂದನೆ ತೀವ್ರವಾಗಿದ್ದ 38 ಮಂದಿಯ ಮೇಲೆ ಇಸ್ರೇಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏಳು ವಾರಗಳ ಮೈತ್ರಿ ಧ್ಯಾನದಿಂದ ನಿಂದನೆ ತಗ್ಗಿತು.

ಆದರೆ ಈ ಫಲಿತಾಂಶಗಳನ್ನು ಹಿಗ್ಗಿಸಬಾರದು. ಕೊನೆಯದು ಚಿಕ್ಕ ಪ್ರಯೋಗ, ಹೋಲಿಕೆ ನಡೆದದ್ದು ಕಾಯುವ ಪಟ್ಟಿಯಲ್ಲಿದ್ದವರ ಜೊತೆ. ನೆಫ್ ಅವರ ಮಾಪನದಲ್ಲಿ ಅರ್ಧದಷ್ಟು ಹೇಳಿಕೆಗಳು ಆತ್ಮನಿಂದನೆ, ಒಂಟಿತನಗಳನ್ನೇ ಅಳೆಯುವುದರಿಂದ ಖಿನ್ನತೆಯೊಡನೆ ಅದರ ನಂಟು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ಪೀಟರ್ ಮ್ಯೂರಿಸ್ ಮತ್ತಿತರರು ಆಕ್ಷೇಪಿಸಿದ್ದಾರೆ. ನೆಫ್ ಒಪ್ಪಿಲ್ಲ, ಆಕ್ಷೇಪಕ್ಕೆ ತೂಕವಂತೂ ಇದೆ. ಧ್ಯಾನದ 47 ಪ್ರಯೋಗಗಳನ್ನು 2014ರಲ್ಲಿ ಒರೆಗೆ ಹಚ್ಚಿದ ಪರಾಮರ್ಶೆ ಆತಂಕ, ಖಿನ್ನತೆಗಳಲ್ಲಿ ಸಾಧಾರಣ ಪ್ರಮಾಣದ ಲಾಭ ಕಂಡಿತು. ಔಷಧ, ವ್ಯಾಯಾಮಗಳಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲೆಂಬುದಕ್ಕೆ ಪುರಾವೆ ಸಿಗಲಿಲ್ಲ. ದೀರ್ಘ ಮೌನಶಿಬಿರಗಳಲ್ಲಿ ಕೆಲವರಿಗೆ ಭೀತಿ, ನಿದ್ರಾಹೀನತೆ ಉಂಟಾದದ್ದೂ ದಾಖಲಾಗಿದೆ. ತೀವ್ರ ಮಾನಸಿಕ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಅಂಥ ಶಿಬಿರಕ್ಕೆ ಹೋಗುವುದು ಕ್ಷೇಮವಲ್ಲ.

ಕನ್ನಡದಲ್ಲಿ ತನ್ನ ಮನಸ್ಸನ್ನು ತಾನೇ ತರಾಟೆಗೆ ತೆಗೆದುಕೊಳ್ಳುವ ಮಾತು ಹೊಸದಲ್ಲ. ಬಸವಣ್ಣನವರ ವಚನಗಳಲ್ಲೂ ಪುರಂದರದಾಸರ ಕೀರ್ತನೆಗಳಲ್ಲೂ ಅದು ತುಂಬಿದೆ. ಆದರೆ ಅಲ್ಲಿ ಆ ಮಾತನ್ನು ಕೇಳಿಸಿಕೊಳ್ಳುವ, ಕೈಬಿಡದ ಒಬ್ಬ ದೇವರಿದ್ದಾನೆ. ಇಂದಿನ ಆತ್ಮನಿಂದಕ ಒಂಟಿ. ಅಪರಾಧಿಯೂ ನ್ಯಾಯಾಧೀಶನೂ ಅವನೇ. ಭಕ್ತಿಯ ಆತ್ಮಶೋಧನೆಯನ್ನು ಮುಂದಿಟ್ಟು ಈ ಒಂಟಿ ನಿಂದನೆಯನ್ನು ಸಮರ್ಥಿಸುವುದು ಸರಿಯಲ್ಲ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ತಿಳಿಯಾಗಿ ಬರೆಯುವ ದಾರಿಯನ್ನು ವೈದ್ಯ, ಲೇಖಕ ಎಂ. ಶಿವರಾಂ ತೆರೆದರು, ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರ್ ಹತ್ತಾರು ಪುಸ್ತಕಗಳ ಮೂಲಕ ಆ ಕೆಲಸವನ್ನು ಹಳ್ಳಿಹಳ್ಳಿಗೂ ಒಯ್ದರು. ನಿಮ್ಹಾನ್ಸ್‌ನಲ್ಲಿ ಯೋಗ, ಧ್ಯಾನಗಳನ್ನು ಚಿಕಿತ್ಸೆಯ ಭಾಗವಾಗಿ ಬಳಸುವ ವಿಭಾಗವೂ ಇದೆ.

ಆತ್ಮನಿಂದನೆ ‘ಬದುಕಿ ಪ್ರಯೋಜನವಿಲ್ಲ’ ಎಂಬ ಯೋಚನೆಯವರೆಗೆ ಬೆಳೆದಿದ್ದರೆ ಧ್ಯಾನದ ಪುಸ್ತಕ ಹುಡುಕುತ್ತ ಕೂರಬಾರದು, ಕೂಡಲೇ ನೆರವು ಕೇಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ದಿನದ ಎಲ್ಲ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ.