ಶಿರಾದ ಜನ ಎಲ್ಲಿಗೆ ಹೋದರು?

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತುಮಕೂರು ದಾಟಿ ಸುಮಾರು ಒಂದು ಗಂಟೆ ಕಳೆದರೆ ಶಿರಾ ಸಿಗುತ್ತದೆ. ಬಸ್ಸು ನಿಂತರೆ ನಾವು ಇಳಿದು ಚಹಾ ಕುಡಿಯುತ್ತೇವೆ, ಹುರಿದ ಕಡಲೆಕಾಯಿ ಕೊಳ್ಳುತ್ತೇವೆ, ಮತ್ತೆ ಹತ್ತಿ ಕೂರುತ್ತೇವೆ. ಈ ಊರು ಒಂದು ಕಾಲದಲ್ಲಿ ಮೊಗಲ್ ಸಾಮ್ರಾಜ್ಯದ ಪ್ರಾಂತವೊಂದರ ರಾಜಧಾನಿಯಾಗಿತ್ತು, ಮೈಸೂರಿನ ಒಡೆಯರೂ ಬಿದನೂರಿನ ನಾಯಕರೂ ಚಿತ್ರದುರ್ಗದ ಪಾಳೆಯಗಾರರೂ ಇದಕ್ಕೆ ಕಪ್ಪ ಕೊಡಬೇಕಾದವರ ಪಟ್ಟಿಯಲ್ಲಿದ್ದರು ಎಂದು ಆ ಬಸ್ಸಿನಲ್ಲಿರುವ ಎಷ್ಟು ಮಂದಿಗೆ ಗೊತ್ತು?

ಊರನ್ನು ಕಟ್ಟಲು ಆರಂಭಿಸಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೋಟೆ ಪೂರ್ಣವಾಗುವ ಮೊದಲೇ, 1638ರ ಸುಮಾರಿಗೆ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಅದನ್ನು ವಶಪಡಿಸಿಕೊಂಡ. ಉಳಿದ ಕೆಲಸವನ್ನು ಮುಗಿಸಿ ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದವನು ಮಲಿಕ್ ಹುಸೇನ್. ನಾಯಕ ಹಾಕಿದ ಬುನಾದಿಯ ಮೇಲೆ ಆದಿಲ್‌ಶಾಹಿಯ ಅಧಿಕಾರಿ ಗೋಡೆ ಕಟ್ಟಿದ. ನಮ್ಮ ಊರುಗಳ ಚರಿತ್ರೆ ಬಹುಪಾಲು ಹೀಗೇ ಇದೆ. ಇದರಲ್ಲಿ 'ಅವರದು' ಎಷ್ಟು, 'ಇವರದು' ಎಷ್ಟು ಎಂದು ಅಳೆಯಲು ಹೊರಟವರಿಗೆ ಮಾತ್ರ ಇದು ತೊಡಕಿನ ಲೆಕ್ಕ. ಬಿಜಾಪುರದ ಕಾಲದ ಮತ್ತೊಬ್ಬ ಸುಬೇದಾರ ಮಲಿಕ್ ರೆಹಾನ್ 1651ರಲ್ಲಿ ಇಲ್ಲೇ ತೀರಿಕೊಂಡ. ಅವನ ಗೋರಿ ಇಂದಿಗೂ ದರ್ಗಾ ಆಗಿ ನಿಂತಿದೆ.

1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಮರುವರ್ಷವೇ ಶಿರಾ ಹೊಸ ಸುಬಾದ ಕೇಂದ್ರವಾಯಿತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದಕ್ಕೆ ಸೇರಿದವು. ಮೊದಲ ಸುಬೇದಾರ ಖಾಸಿಂ ಖಾನ್. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟವನು ಇವನೇ. ಇಂದು ಆ ಹಣಕ್ಕೆ ಬೆಂಗಳೂರಿನಲ್ಲಿ ನಾಲ್ಕಡಿ ಜಾಗವಾದರೂ ಸಿಕ್ಕೀತೇ! ಖಾಸಿಂ ಖಾನನ ಕೊನೆ ದಾರುಣವಾದದ್ದು. ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಅವನು ಪ್ರಾಣ ಬಿಟ್ಟ. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ, 1696ರಲ್ಲಿ, ಶಿರಾದ ಜುಮ್ಮಾ ಮಸೀದಿ ಕೆತ್ತಿದ ಕಲ್ಲಿನಲ್ಲಿ ಎದ್ದು ನಿಂತಿತು.

ಊರು ನಿಜವಾಗಿ ಅರಳಿದ್ದು ದಿಲಾವರ್ ಖಾನನ ಕಾಲದಲ್ಲಿ. 1756ರಲ್ಲಿ ತೀರಿಕೊಳ್ಳುವವರೆಗೂ ಅವನು ಇಲ್ಲಿಯ ಸುಬೇದಾರನಾಗಿದ್ದ. ಅವನ ಅರಮನೆಯ ಚೆಲುವನ್ನು ನೋಡಿಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿ ತೆಗೆದುಕೊಳ್ಳಲಾಯಿತು ಎನ್ನುತ್ತಾರೆ. ಮಾದರಿ ಎನಿಸಿಕೊಂಡ ಅರಮನೆ ಅಳಿದುಹೋಯಿತು. ಇಲ್ಲಿಯ ಖಾನ್ ಬಾಗ್ ತೋಟವನ್ನು ಕಂಡೇ ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಹುಟ್ಟಿರಬೇಕೆಂಬ ಊಹೆಯೂ ಇದೆ. ಊಹೆಯೇ ಆದರೂ ಬಯಲುಸೀಮೆಯ ಈ ಊರಿಗೆ ಅದು ಸಣ್ಣ ಗೌರವವಲ್ಲ.

ದಿಲಾವರ್ ಖಾನನ ಕಾಲದಲ್ಲಿ ಶಿರಾದಲ್ಲಿ ಐವತ್ತು ಸಾವಿರ ಮನೆಗಳಿದ್ದವು ಎಂಬ ಮಾತಿದೆ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಗ್ರಂಥದ ಮೂಲಕ ಅದು ಮುಂದಿನ ಗೆಜೆಟಿಯರುಗಳಿಗೂ ನಡೆದುಬಂತು. ನಾವು ಇದನ್ನು ಅಕ್ಷರಶಃ ನಂಬಲಾರೆವು. ಮನೆಗೆ ಐದು ಜನರಂತೆ ಹಿಡಿದರೂ ಎರಡೂವರೆ ಲಕ್ಷವಾಯಿತು. ಮಳೆ ಕಡಿಮೆಯ ಈ ಸೀಮೆಯಲ್ಲಿ ಅಷ್ಟು ಜನಕ್ಕೆ ನೀರು ಎಲ್ಲಿಂದ ಬರಬೇಕು? ಆದರೆ ಇಂಥ ಸಂಖ್ಯೆಯನ್ನು ಸುಳ್ಳೆಂದು ತಳ್ಳಿಬಿಡುವುದೂ ತಪ್ಪು. ಕಳೆದುಕೊಂಡದ್ದು ಎಷ್ಟು ದೊಡ್ಡದೆಂದು ಊರಿನವರಿಗೆ ಅನ್ನಿಸಿತ್ತೋ, ಆ ಅಳತೆ ಈ ಸಂಖ್ಯೆಯಲ್ಲಿದೆ.

ದಿಲಾವರ್ ಖಾನ್ ಹೋದ ಮೇಲಿನ ಎರಡು ದಶಕಗಳಲ್ಲಿ ಶಿರಾ ಕೈಯಿಂದ ಕೈಗೆ ದಾಟಿತು. 1757ರಲ್ಲಿ ಮರಾಠರು ಹಿಡಿದರು, ಎರಡು ವರ್ಷಕ್ಕೆ ಒಪ್ಪಂದದಂತೆ ಬಿಟ್ಟುಕೊಟ್ಟರು. 1761ರಲ್ಲಿ ಹೈದರಲಿ ನಿಜಾಮನ ತಮ್ಮ ಬಸಾಲತ್ ಜಂಗನಿಗೆ ಮೂರು ಲಕ್ಷ ರೂಪಾಯಿ ತೆತ್ತು 'ಶಿರಾದ ನವಾಬ' ಎಂಬ ಪದವಿ ಪಡೆದ. ಮತ್ತೆ ಅದೇ ಮೂರು ಲಕ್ಷ! ಮೈಸೂರಿನ ಹೈದರನಿಗೆ ಹೆಸರಿನ ಮುಂದೆ ಇಟ್ಟುಕೊಳ್ಳಲು ಶಿರಾ ಬೇಕಾಗಿತ್ತು ಎಂಬುದನ್ನು ಗಮನಿಸಬೇಕು. 1766ರಲ್ಲಿ ಊರು ಪುನಃ ಮರಾಠರ ಪಾಲಾಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ.

ನಮ್ಮ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಶ್ರೀರಂಗಪಟ್ಟಣದ ದ್ವೀಪದಲ್ಲಿ, ಕೋಟೆಯ ಪೂರ್ವಕ್ಕೆ ಟಿಪ್ಪು ಹೊಸ ಪೇಟೆಯೊಂದನ್ನು ಕಟ್ಟಿಸಿದ. ಅದೇ ಶಹರ್ ಗಂಜಾಂ. ಗಂಜ್ ಎಂದರೆ ಮಂಡಿ, ಧಾನ್ಯದ ಪೇಟೆ. ಪೇಟೆ ಎಂದ ಮೇಲೆ ಮಾರುವವರು, ನೇಯುವವರು, ದುಡಿಯುವವರು ಬೇಕಲ್ಲ? ಅದಕ್ಕಾಗಿ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಸಾಗಿಸಲಾಯಿತು ಎಂದು ದಾಖಲೆ ಹೇಳುತ್ತದೆ. ಈ ಸಂಖ್ಯೆಯನ್ನೂ ತುಸು ಇಳಿಸಿಯೇ ಓದೋಣ. ಅರ್ಧವೆಂದು ಹಿಡಿದರೂ ಅದು ಒಂದು ಊರನ್ನೇ ಬುಡಸಹಿತ ಕಿತ್ತಂತೆ. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಎತ್ತಿನ ಗಾಡಿಯಲ್ಲಿ ಎಂಟು ಹತ್ತು ದಿನ. ಮುದುಕರು, ಬಾಣಂತಿಯರು, ಕೈಮಗುಗಳು. ಹಿಂದೆ ಉಳಿದದ್ದು ಹೊಲ, ಬಾವಿ, ಹಿರಿಯರ ಗೋರಿ.

ಟಿಪ್ಪುವಿನ ಬಗ್ಗೆ ಬರೆಯುವಾಗ ನಾವು ರೇಷ್ಮೆಯನ್ನು ನೆನೆಯುತ್ತೇವೆ, ರಾಕೆಟ್ಟನ್ನು ನೆನೆಯುತ್ತೇವೆ, ರಣರಂಗದ ಮರಣವನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಶಿರಾದ ತಾಯಂದಿರ ಕಡೆಯಿಂದ ನೋಡಿದರೆ ಅವನು ಮನೆ ಬಿಡಿಸಿದ ಅರಸ. ಹೀಗೆ ಹೊರಟವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಿರಲೇಬೇಕು. ಶಿರಾದಂಥ ಪೇಟೆಯಲ್ಲಿ ಕಸುಬುಗಳು ಒಬ್ಬರದೇ ಆಗಿರುವುದು ಸಾಧ್ಯವಿಲ್ಲ. ಟಿಪ್ಪುವನ್ನು ಹೊಗಳುವವರಿಗೂ ತೆಗಳುವವರಿಗೂ ಈ ಜನ ನೆನಪಾಗುವುದಿಲ್ಲ. ಯಾರ ವಾದಕ್ಕೂ ಅವರು ಒದಗಿ ಬರುವುದಿಲ್ಲವೇನೋ!

ಹೋದವರ ಬದುಕಾದರೂ ಹಸನಾಯಿತೇ? ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿತ್ತೆಂದು ಅಂದಾಜು. 1799ರ ಮೇ 4ರಂದು ಕೋಟೆ ಬಿತ್ತು. ಮರುವರ್ಷದ ಎಣಿಕೆಯಲ್ಲಿ, ಸೈನ್ಯವನ್ನು ಬಿಟ್ಟು, ಕೋಟೆ ಮತ್ತು ಗಂಜಾಂ ಎರಡರಲ್ಲೂ ಸೇರಿ ಸಿಕ್ಕವರು 31,895 ಮಂದಿ. ರಾಜಧಾನಿ ಮೈಸೂರಿಗೆ ಹೋಯಿತು. ಕಾವೇರಿಯ ನಡುವಿನ ಆ ದ್ವೀಪದ ಜ್ವರಕ್ಕೆ ಬೆದರಿ ಇಂಗ್ಲಿಷರ ದಂಡು 1809ರಲ್ಲಿ ಬೆಂಗಳೂರಿಗೆ ಎದ್ದುಹೋಯಿತು. ಅರಮನೆಯನ್ನೂ ದಂಡನ್ನೂ ನಂಬಿ ಅಂಗಡಿ ತೆರೆದವರು ಏನು ಮಾಡಬೇಕು? ಶಿರಾದಿಂದ ಗಂಜಾಮಿಗೆ ಬಂದವರ ಮಕ್ಕಳು ಮತ್ತೊಮ್ಮೆ ಗಂಟು ಕಟ್ಟಿರಬೇಕು. ಈ ಸಲ ಯಾವ ಸುಲ್ತಾನನ ಹುಕುಮೂ ಬೇಕಾಗಲಿಲ್ಲ.

ಇತ್ತ ಶಿರಾದಲ್ಲಿ ಉಳಿದವರು ಛಾಪಿನ ಬಟ್ಟೆ, ಕಂಬಳಿ, ಅರಗು ಮಾಡಿ ಜೀವನ ಸಾಗಿಸಿದರು. ವಿಲಾಯಿತಿ ಬಟ್ಟೆ ಬಂದ ಮೇಲೆ ಛಾಪಿನ ಕಸುಬು ಸತ್ತಿತು. ಕಂಬಳಿ ನೇಯುವ ಕುರುಬರ ಮಗ್ಗ ಮಾತ್ರ ಅಷ್ಟು ಬೇಗ ನಿಲ್ಲಲಿಲ್ಲ. 1901ರ ಜನಗಣತಿಯ ಹೊತ್ತಿಗೆ ಹಳೆಯ ಸುಬಾದ ರಾಜಧಾನಿಯಲ್ಲಿ ಇದ್ದವರು ಸುಮಾರು ನಾಲ್ಕು ಸಾವಿರ ಜನ.

ಸ್ಥಳೀಯ ಚರಿತ್ರೆ ಬರೆಯುವವರು ಎದುರಿಸುವ ಒಂದು ಕಷ್ಟವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಆಕರಗಳೆಲ್ಲ ಜಿಲ್ಲೆ, ತಾಲ್ಲೂಕುಗಳಾಗಿ ಹಂಚಿಹೋಗಿವೆ. ಬಿ. ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿದ ಕ್ರಮವೂ ಅದೇ. ಶಿರಾದ ಶಾಸನಗಳು 1904ರಲ್ಲಿ ಬಂದ 12ನೇ ಸಂಪುಟದಲ್ಲಿ, ಶ್ರೀರಂಗಪಟ್ಟಣದವು 1894ರ ಮೂರನೆಯ ಸಂಪುಟದಲ್ಲಿ. ಕಲ್ಲು ಇದ್ದಲ್ಲೇ ಇರುತ್ತದೆ, ಹಾಗಾಗಿ ಕಲ್ಲಿಗೆ ಈ ಕ್ರಮ ಸರಿಹೊಂದುತ್ತದೆ. ಜನ ನಡೆದುಹೋಗುತ್ತಾರೆ. ಶಿರಾದ ಚರಿತ್ರೆ ಬರೆಯುವವನು ತಾಲ್ಲೂಕಿನ ಗಡಿಗೆ ಬಂದು ಲೇಖನಿ ಇಟ್ಟರೆ ಅರ್ಧ ಊರು ಅವನ ಪುಸ್ತಕದಿಂದ ಹೊರಗುಳಿಯುತ್ತದೆ.

ಆ ಅರ್ಧವನ್ನು ಹುಡುಕಬೇಕಾದದ್ದು ಗಂಜಾಮಿನಲ್ಲಿ, ಮೈಸೂರು ಬೆಂಗಳೂರುಗಳ ಹಳೆಯ ಮೊಹಲ್ಲಾ ಪೇಟೆಗಳಲ್ಲಿ. ಮನೆಯ ಹಳೆಯ ಕ್ರಯಪತ್ರಗಳು, ಮಸೀದಿ ದೇವಸ್ಥಾನಗಳ ಲೆಕ್ಕದ ಪುಸ್ತಕಗಳು, ಖಬರಸ್ತಾನದ ಕಲ್ಲುಗಳು, ಮದುವೆಯ ಮಾತುಕತೆಯಲ್ಲಿ ಹಿರಿಯರು ಕೇಳುವ 'ನಿಮ್ಮ ಮೂಲ ಊರು ಯಾವುದು' ಎಂಬ ಪ್ರಶ್ನೆಗೆ ಬರುವ ಉತ್ತರಗಳು, ಇವನ್ನೆಲ್ಲ ಯಾವ ಇಲಾಖೆಯೂ ಕಾಪಾಡುವುದಿಲ್ಲ. ಮಲಿಕ್ ರೆಹಾನನ ದರ್ಗಾ ಮತ್ತು ಜುಮ್ಮಾ ಮಸೀದಿ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ. ಹನ್ನೆರಡು ಸಾವಿರ ಕುಟುಂಬಗಳಲ್ಲಿ ಒಂದರ ಹೆಸರಾದರೂ ಯಾರದಾದರೂ ಮನೆಯ ಟ್ರಂಕಿನಲ್ಲಿ ಉಳಿದಿದ್ದರೆ, ಅದನ್ನು ಬರೆದಿಟ್ಟುಕೊಳ್ಳಲು ಊರಿನ ಕಾಲೇಜಿನ ಒಬ್ಬ ವಿದ್ಯಾರ್ಥಿ, ಒಂದು ನೋಟ್‌ಬುಕ್ ಸಾಕು.